ಥೇಮ್ಸ್‌ನಲ್ಲಿ ಕಯಾಕ್ ಇಳಿಸಲು ನಾನು ಮಾಡಿಸಿದ ಲೈಸೆನ್ಸ್

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಮಾಡಿದವರಿಗೆ ನೀರಿನ ಆಸೆ ಹತ್ತದೆ ಇರುವುದು ಕಷ್ಟ. ಥೇಮ್ಸ್ ಊರಿಗೆ ತಾಗಿಕೊಂಡೇ ಹರಿಯುತ್ತದೆ, ಕೆನೆಟ್ ನದಿ ಊರೊಳಗಿಂದ ಬಂದು ಅದನ್ನು ಸೇರುತ್ತದೆ. ನಾನು ಕೊಂಡದ್ದು ಒಬ್ಬರು ಕೂತು ಹುಟ್ಟು ಹಾಕುವ ಕಯಾಕ್, ಅದೂ ಸೆಕೆಂಡ್ ಹ್ಯಾಂಡ್. ಅಂಗಡಿಯಲ್ಲಿ ಹೊಸದು ಕೊಂಡರೆ ಬೆಲೆಯೊಳಗೇ 20% ವ್ಯಾಟ್ ಕೂತಿರುತ್ತದೆ. ಬಳಸುತ್ತಿದ್ದವರಿಂದ ನೇರವಾಗಿ ಕೊಂಡರೆ ಅದಿಲ್ಲ.

ಕೊಂಡ ಮೇಲೆ ಆರ್‌ಸಿ ಬುಕ್ ತರಹ ಏನಾದರೂ ಬೇಕಾ ಅಂತ ಹುಡುಕಿದೆ. ಬೇಡ. ಕಾರಿನ ಹಾಗೆ ವರ್ಷ ವರ್ಷ ತೆರಿಗೆಯೂ ಇಲ್ಲ. ಸ್ಮಾಲ್ ಶಿಪ್ಸ್ ರಿಜಿಸ್ಟರ್ ಅಂತ ಸರ್ಕಾರದ್ದೊಂದು ಪಟ್ಟಿ ಇದೆ, 24 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ. ದೋಣಿಯನ್ನು ಹೊರದೇಶಕ್ಕೆ ಒಯ್ಯುವವರು ಅದರಲ್ಲಿ ಹೆಸರು ಹಾಕಿಸುತ್ತಾರೆ, ನಮಗೆ ಕಡ್ಡಾಯವಲ್ಲ. ಮೋಟಾರ್ ದೋಣಿಯವರು ಮಾಡಿಸಬೇಕಾದ ಬೋಟ್ ಸೇಫ್ಟಿ ಸರ್ಟಿಫಿಕೇಟೂ ಹುಟ್ಟಿನ ದೋಣಿಗೆ ಬೇಕಿಲ್ಲ.

ಹಾಗಾದರೆ ಕಾಸು ಎಲ್ಲಿ ಕಟ್ಟಬೇಕು? ಅದು ನೀವು ಯಾರ ನೀರಿಗೆ ಇಳಿಯುತ್ತೀರಿ ಅನ್ನುವುದರ ಮೇಲಿದೆ. ಮೇಲಿನ ಕ್ರಿಕ್‌ಲೇಡ್ ಊರಿನಿಂದ ಕೆಳಗಿನ ಟೆಡಿಂಗ್ಟನ್‌ವರೆಗಿನ ಥೇಮ್ಸ್ ಎನ್ವಿರಾನ್‌ಮೆಂಟ್ ಏಜೆನ್ಸಿ ಅನ್ನುವ ಸರ್ಕಾರಿ ಸಂಸ್ಥೆಯದ್ದು. ಕೆನೆಟ್ ಅಂಡ್ ಏವನ್ ಕಾಲುವೆ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನದ್ದು. ಇದು 2012ರಲ್ಲಿ ಬ್ರಿಟಿಷ್ ವಾಟರ್‌ವೇಸ್‌ನ ಜಾಗಕ್ಕೆ ಬಂದ ದತ್ತಿ ಸಂಸ್ಥೆ. ನಮ್ಮೂರಲ್ಲಿ ಇವೆರಡರ ಗಡಿ ಸ್ವಲ್ಪ ವಿಚಿತ್ರ. ಥೇಮ್ಸ್ ಕಡೆಯಿಂದ ಕೆನೆಟ್‌ನ ಮೊದಲ ಚೂರು, ಅಂದರೆ ಬ್ಲೇಕ್ಸ್ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಕಟ್ಟೆ) ಇರುವ ಭಾಗ, ಏಜೆನ್ಸಿಯವರ ಕೈಯಲ್ಲೇ ಇದೆ. ಪೇಟೆ ದಾಟಿ ಮೇಲೆ ಹೋದರೆ ಟ್ರಸ್ಟ್‌ನ ನೀರು. ಒಂದೇ ಬೆಳಿಗ್ಗೆ ಹುಟ್ಟು ಹಾಕುತ್ತಾ ಎರಡು ಆಡಳಿತ ದಾಟಬಹುದು!

ಎರಡೂ ಕಡೆ ಬೇರೆ ಬೇರೆ ಲೈಸೆನ್ಸ್ ತೆಗೆಯಬಹುದು. ಆದರೆ ಲೆಕ್ಕ ಹಾಕಿದರೆ ಹುಟ್ಟು ಹಾಕುವವರ ಸಂಘವಾದ ಪ್ಯಾಡಲ್ ಯುಕೆಯ ಸದಸ್ಯತ್ವವೇ ವಾಸಿ. 2024ರವರೆಗೆ ಇದರ ಹೆಸರು ಬ್ರಿಟಿಷ್ ಕನೂಯಿಂಗ್. ವರ್ಷಕ್ಕೆ 50 ಪೌಂಡಿನ ಆಸುಪಾಸು. ಅದರಲ್ಲೇ ಎರಡೂ ಸಂಸ್ಥೆಗಳ ನೀರಿನ ಲೈಸೆನ್ಸ್ ಬಂತು, ಯಾರಿಗಾದರೂ ಗುದ್ದಿ ನಷ್ಟವಾದರೆ ಅಂತ ಥರ್ಡ್ ಪಾರ್ಟಿ ವಿಮೆಯೂ ಬಂತು. ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ ಕಾರ್ಡಿನಿಂದ ದುಡ್ಡು ಕಟ್ಟಿದೆ, ಕೆಲಸ ಮುಗಿಯಿತು. ಕಾರ್ಡಿನ ಪ್ರತಿ ಫೋನಿನಲ್ಲಿ ಇಟ್ಟುಕೊಂಡಿರುತ್ತೇನೆ, ಯಾರಾದರೂ ಕೇಳಿದರೆ ತೋರಿಸಬೇಕಲ್ಲ.

ಇನ್ನೊಂದು ಲಾಭ ತಾರೀಖಿನದು. ಥೇಮ್ಸ್‌ನಲ್ಲಿ ಏಜೆನ್ಸಿ ಕೊಡುವ ಲೈಸೆನ್ಸ್‌ಗೆ ನೋಂದಣಿ ಅಂತ ಹೆಸರು. ಆ ವಾರ್ಷಿಕ ನೋಂದಣಿ ಜನವರಿ 1ರಿಂದ ಡಿಸೆಂಬರ್ 31ರವರೆಗೆ. ಆಗಸ್ಟ್‌ನಲ್ಲಿ ಶುರು ಮಾಡುವವರಿಗೆ ಅದು ದುಡ್ಡು ದಂಡ. ಸದಸ್ಯತ್ವವಾದರೆ ಸೇರಿದ ದಿನದಿಂದ ಹನ್ನೆರಡು ತಿಂಗಳು.

ಒಂದು ವಿಷಯ ಮಾತ್ರ ಜನಕ್ಕೆ ಸುಲಭವಾಗಿ ತಲೆಗೆ ಹೋಗುವುದಿಲ್ಲ. ಏಜೆನ್ಸಿಯ ನೋಂದಣಿ ದೋಣಿಯ ಮೇಲೆ, ಸದಸ್ಯತ್ವ ಮನುಷ್ಯನ ಮೇಲೆ. ಬೆಂಗಳೂರಿನಿಂದ ಬಂದ ಭಾವಮೈದನನ್ನು ಬಾಡಿಗೆಯಲ್ಲದ ಇನ್ನೊಂದು ಕಯಾಕ್‌ನಲ್ಲಿ ಕೂರಿಸಿದರೆ ನನ್ನ ಕಾರ್ಡು ಅವನಿಗೆ ಸಲ್ಲುವುದಿಲ್ಲ. ಅವನಿಗಾಗಿ ಆ ದೋಣಿಗೆ ಅಲ್ಪಾವಧಿಯ ಲೈಸೆನ್ಸ್ ತೆಗೆಯಬೇಕು. ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬಿಸುವ ಪ್ಯಾಡಲ್ ಬೋರ್ಡ್‌ಗೂ ಇದೇ ನಿಯಮ. "ಅದು ಆಟಿಕೆ ಕಣ್ರೀ" ಅಂದರೆ ಕೇಳುವುದಿಲ್ಲ.

ಲೈಸೆನ್ಸ್ ಇದೆ ಅಂತ ಎಲ್ಲ ಲಾಕ್‌ಗಳೂ ನಿಮಗೆ ತೆರೆಯುವುದಿಲ್ಲ. ಕಾಲುವೆಯ ಲಾಕ್ ಸಿಕ್ಕಾಗ ಇಳಿದು, ದೋಣಿ ಹೊತ್ತು ದಾಟಿಸುತ್ತೇನೆ. ಚಕ್ರದ ಟ್ರಾಲಿಗೆ ಹಾಕಿದ ದುಡ್ಡು ಲೈಸೆನ್ಸ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಟೆಡಿಂಗ್ಟನ್ ದಾಟಿದರೆ ಭರತ ಇಳಿತದ ಥೇಮ್ಸ್ ಶುರು. ಅಲ್ಲಿ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಆಡಳಿತ, ಕಯಾಕ್‌ಗೆ ಲೈಸೆನ್ಸೂ ಬೇಡ, ಶುಲ್ಕವೂ ಬೇಡ. ಬೇಕಾಗುವುದು ಭರತದ ವೇಳಾಪಟ್ಟಿ. ಇಳಿತದ ಹೊತ್ತಿನಲ್ಲಿ ವಾಪಸ್ ಮೇಲಕ್ಕೆ ಹುಟ್ಟು ಹಾಕುವ ಶಕ್ತಿ ನನ್ನ ತೋಳಿಗಿಲ್ಲ. ಹಾಗಾಗಿ ಆ ಕಡೆ ಕ್ಲಬ್‌ನವರ ಜೊತೆ ಮಾತ್ರ ಹೋಗುತ್ತೇನೆ.