ಕೈ ಎತ್ತುವುದನ್ನು ಮೊದಲು ಕಲಿಸಿ

ವಿಜಯನಗರದ ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಮೊದಲ ಟೂರ್ನಮೆಂಟ್ ಹತ್ತಿರ ಬಂದಾಗ ಅಪ್ಪ ಅಮ್ಮಂದಿರು ಕೇಳುವುದು ಒಂದೇ, "ಯಾವ ಓಪನಿಂಗ್ ಕಲಿಸಿದ್ದೀರಿ ಮೇಡಂ?" ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಕ್ರಮ, ಆಮೇಲೆ. ಗಡಿಯಾರ ನಿಲ್ಲಿಸಿ, ಕೈ ಎತ್ತಿ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯುವುದನ್ನು ಮಗು ಮೊದಲು ಕಲಿಯಲಿ. ನೀವು ಹಾಲ್ ಹೊರಗೆ ಕಾರಿಡಾರಿನಲ್ಲಿ ನಿಂತಿರುತ್ತೀರಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮವಿದ್ದರೂ ಎದುರಿನ ಹುಡುಗ "ನಾನು ಮುಟ್ಟೇ ಇಲ್ಲ" ಎಂದು ದಬಾಯಿಸಿದರೆ ಎಂಟು ವರ್ಷದ ಮಗು ಸುಮ್ನೆ ತಲೆ ತಗ್ಗಿಸುತ್ತದೆ. ಗೆಲ್ಲುತ್ತಿದ್ದ ಆಟ ಅಲ್ಲೇ ಹೋಯಿತು.

ಅದಕ್ಕೇ ಮನೆಯಲ್ಲಿ ಎದುರು ಕೂತು ಬೇಕಂತಲೇ ತಪ್ಪಾಡಿ. ಕುದುರೆ ಮುಟ್ಟಿ ಒಂಟೆ ನಡೆಸಿ. ಚೆಕ್ ಇದ್ದರೂ ರಾಜನನ್ನು ಹಾಗೇ ಬಿಟ್ಟು ಗಡಿಯಾರ ಒತ್ತಿ. ಮಗು ವಾದಕ್ಕಿಳಿಯಬಾರದು, ಅಳಲೂಬಾರದು. ಗಡಿಯಾರ ನಿಲ್ಲಿಸಿ, ಕೈ ಎತ್ತಿ ಮೊದಲನೆಯದಕ್ಕೆ "ಸರ್, ಟಚ್ ಮೂವ್", ಎರಡನೆಯದಕ್ಕೆ "ಸರ್, ಇಲ್ಲೀಗಲ್ ಮೂವ್" (ನಿಯಮಬಾಹಿರ ನಡೆ) ಅಂದರೆ ಸಾಕು. ತಾನು ಮುಂದಿನ ನಡೆಗೆ ಕಾಯಿ ಮುಟ್ಟುವ ಮೊದಲೇ ಅನ್ನಬೇಕು. ರ‍್ಯಾಪಿಡ್‌ನಲ್ಲಂತೂ (ಕಡಿಮೆ ಸಮಯದ ವೇಗದ ಆಟ) ತಡವಾದರೆ ಆ ತಪ್ಪು ನಡೆಯೇ ಉಳಿದುಬಿಡಬಹುದು. ಕ್ಲಾಸಿಕಲ್‌ನಲ್ಲಿ (ಹೆಚ್ಚು ಸಮಯದ ಆಟ) ಎದುರಾಳಿಯ ಮೊದಲ ಇಲ್ಲೀಗಲ್ ಮೂವ್‌ಗೆ ನಿಮ್ಮ ಮಗುವಿಗೆ 2 ನಿಮಿಷ ಹೆಚ್ಚು ಸಿಗುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಅವನು ಆಟವನ್ನೇ ಸೋಲುತ್ತಾನೆ.

ಚಿಕ್ಕವರು ಜಾಸ್ತಿ ಎಡವುವುದು ಕ್ಯಾಸ್ಲಿಂಗ್‌ನಲ್ಲಿ. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು ಅದು. ರಾಜನನ್ನು ಮೊದಲು ಮುಟ್ಟಬೇಕು, ಒಂದೇ ಕೈ ಬಳಸಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆನೆಯನ್ನೇ ನಡೆಸಬೇಕಾಗುತ್ತದೆ. ಇನ್ನೊಂದು, ಕಾಲಾಳು ಕೊನೆಯ ಮನೆ ತಲುಪಿದಾಗ ಕೆಲವೊಮ್ಮೆ ಪಕ್ಕದಲ್ಲಿ ಬೇರೆ ರಾಣಿ ಇರುವುದಿಲ್ಲ. ಮನೆಯಾಟದ ರೂಢಿಯಲ್ಲಿ ಆನೆಯನ್ನು ತಲೆಕೆಳಗೆ ಇಟ್ಟರೆ ನಿಯಮದ ಪ್ರಕಾರ ಅದು ಆನೆಯೇ, ರಾಣಿ ಅಲ್ಲ. ಮಗು ಗಡಿಯಾರ ನಿಲ್ಲಿಸಿ ಆರ್ಬಿಟರ್ ಬಳಿ ರಾಣಿ ಕೇಳಲಿ. ಕೇಳುವುದು ಅದರ ಹಕ್ಕು. ನಾಚಿಕೊಂಡು ಪಾಯಿಂಟ್ ಕಳೆದುಕೊಳ್ಳುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನಡೆಗಳನ್ನು ಆಡಿದ ಮೇಲೆ ಹಾಳೆಯಲ್ಲಿ ಬರೆಯಬೇಕು, ಮೊದಲೇ ಬರೆಯುವಂತಿಲ್ಲ. ಒಂದೇ ಸ್ಥಿತಿ ಮೂರನೇ ಸಲ ಬರುವಂತಿದ್ದು ಡ್ರಾ ಕೇಳಬೇಕಾದರೆ ಬೇರೆ: ನಡೆಯನ್ನು ಹಾಳೆಯಲ್ಲಿ ಬರೆದು, ಆಡದೆ, ಆರ್ಬಿಟರನ್ನು ಕರೆಯಬೇಕು. ಹಾಳೆ ನೀಟಾಗಿದ್ದರೆ ಅದೇ ಸಾಕ್ಷಿ.

ಎದುರಾಳಿ ನಡುವೆ ಕೈ ಚಾಚಿದರೆ ತಕ್ಷಣ ಕುಲುಕುವುದು ಬೇಡ. "ಡ್ರಾ ಕೇಳ್ತಿದ್ದೀಯಾ, ಸೋಲು ಒಪ್ಕೊಂಡ್ಯಾ?" ಎಂದು ಮೊದಲು ಕೇಳಲಿ. ಒಬ್ಬ ಗೆದ್ದೆ ಅಂದುಕೊಂಡು, ಇನ್ನೊಬ್ಬ ಡ್ರಾ ಅಂದುಕೊಂಡು ಏಳುವುದು ಈ ವಯಸ್ಸಿನಲ್ಲಿ ತೀರಾ ಮಾಮೂಲಿ. ಫಲಿತಾಂಶ ಸರಿಯಾಗಿ ಬರೆದಿದೆಯೇ ಎಂದು ಓದಿ, ಆಮೇಲೆ ಸಹಿ ಹಾಕಲಿ.

ಮೊಬೈಲ್ ನಿಮ್ಮ ಬಳಿಯೇ ಇರಲಿ. ಮಗುವಿನ ಜೇಬಿನಲ್ಲಿ ರಿಂಗ್ ಆದರೆ ಆಟ ಹೋಗಬಹುದು. ಸೋತು ಬಂದರೂ ಅದರಲ್ಲಿ ಎಂಜಿನ್ (ಸರಿಯಾದ ನಡೆ ಹೇಳುವ ಚೆಸ್ ಪ್ರೋಗ್ರಾಂ) ಹಾಕಿ ತೋರಿಸಬೇಡಿ. ಸ್ವಿಸ್ ಪದ್ಧತಿಯಲ್ಲಿ ಸೋತವರು ಹೊರಗೆ ಹೋಗುವುದಿಲ್ಲ, ಮುಂದಿನ ರೌಂಡ್ ಇದೆ. ನೀರು, ತಿಂಡಿ ಕೊಟ್ಟು ಸ್ವಲ್ಪ ಓಡಾಡಲು ಬಿಡಿ.