ಮೈಮೇಲೆ ಹರಡುವ ಸಣ್ಣ ಗುಳ್ಳೆ: ಮುಲಾಮು ಹಚ್ಚುವ ಮೊದಲು ನೋಡಬೇಕಾದ್ದು

ಗುಳ್ಳೆ ಎದ್ದ ಮಾರನೇ ದಿನವೇ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತಂದು ಹಚ್ಚುವುದು ನಮ್ಮಲ್ಲಿ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಹಲವು ಮುಲಾಮುಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡೇ ದಿನದಲ್ಲಿ ತಗ್ಗುತ್ತದೆ, ಆದರೆ ಅದು ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹಬ್ಬುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್.

ಮೊದಲು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಗುಳ್ಳೆಗಳ ಗುಂಪಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ಮರುದಿನ ಗೆರೆ ದಾಟಿದೆಯೇ ನೋಡಿ. ಎಲ್ಲಿ ಶುರುವಾಯಿತು, ಯಾವ ಹೊತ್ತಿನಲ್ಲಿ ತುರಿಕೆ ಹೆಚ್ಚು, ಮನೆಯಲ್ಲಿ ಇನ್ಯಾರಿಗಿದೆ ಎಂಬುದನ್ನು ಬರೆದಿಡಿ. ಕೆಂಪು ಚುಕ್ಕೆಯ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದಾಗಲೂ ಬಣ್ಣ ಮಾಸದಿದ್ದರೆ ಅದು ಚರ್ಮದೊಳಗೆ ಒಸರಿದ ರಕ್ತ. ಜೊತೆಗೆ ಜ್ವರವಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ. ತುಟಿ ಊದಿ ಉಸಿರು ಕಟ್ಟಿದರೂ ಅಷ್ಟೇ.

ರಾತ್ರಿ ಮಲಗಿದ ಮೇಲೆ ತುರಿಕೆ ಜೋರಾಗಿ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಕಂಕುಳು, ಗುಪ್ತಾಂಗದ ಬಳಿ ಗುಳ್ಳೆಗಳಿದ್ದರೆ ಮೊದಲ ಅನುಮಾನ ಕಜ್ಜಿಯ ಮೇಲೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಷ್ಟರಲ್ಲಿ ಜೊತೆಗೆ ಮಲಗುವವರಿಗೆಲ್ಲ ದಾಟಿರುತ್ತದೆ. ತುರಿಕೆ ಇಲ್ಲದವರನ್ನು ಬಿಟ್ಟು ಒಬ್ಬರಿಗಷ್ಟೇ ಔಷಧಿ ಮಾಡುವುದೇ ಕಜ್ಜಿ ಮರುಕಳಿಸಲು ದೊಡ್ಡ ಕಾರಣ.

ವೈದ್ಯರು ಸಾಮಾನ್ಯವಾಗಿ ಬರೆಯುವುದು 5% ಪರ್ಮೆಥ್ರಿನ್ ಕ್ರೀಮು. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಗುಳ್ಳೆ ಇರುವಲ್ಲಿ ಮಾತ್ರವಲ್ಲ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನಡಿ, ಬೆರಳ ಸಂದಿಗೂ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಿ, ಒಂದು ವಾರದ ನಂತರ ಇನ್ನೊಮ್ಮೆ. ಹಸುಗೂಸುಗಳಿಗೆ, ಗರ್ಭಿಣಿಯರಿಗೆ ಹಚ್ಚುವ ಮೊದಲು ವೈದ್ಯರನ್ನು ಕೇಳಲೇಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಡಿ. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ಇದನ್ನು ತಿಳಿಯದೆ ಮತ್ತೆ ಮತ್ತೆ ಕ್ರೀಮು ಹಚ್ಚಿ ಚರ್ಮ ಕೆಡಿಸಿಕೊಳ್ಳುವವರು ಬಹಳ.

ಮಕ್ಕಳಲ್ಲಿ ಮುತ್ತಿನಂತೆ ಹೊಳೆಯುವ, ನಡುವೆ ಸಣ್ಣ ಕುಳಿ ಇರುವ 2ರಿಂದ 5 ಮಿಲಿಮೀಟರ್ ಗುಳ್ಳೆಗಳು ಮೊಲಸ್ಕಮ್ ಎಂಬ ವೈರಸ್ಸಿನವು. ಚಿವುಟಿದರೆ ಒಳಗಿನ ಬಿಳಿ ಪದಾರ್ಥ ತಾಗಿದಲ್ಲೆಲ್ಲ ಹೊಸದು ಏಳುತ್ತದೆ. ಬಹುತೇಕ ತಾವಾಗಿಯೇ ಹೋಗುತ್ತವೆ, ಆದರೆ ಆರು ತಿಂಗಳಿಂದ ಒಂದೂವರೆ ವರ್ಷ ಬೇಕಾಗಬಹುದು. ಟವೆಲು ಬೇರೆ ಇಡಿ. ಗೀರಿದ ಗೆರೆಯುದ್ದಕ್ಕೂ ಚಪ್ಪಟೆ ಗಂಟುಗಳು ಸಾಲಾಗಿ ಎದ್ದರೆ ನರಹುಲಿ ಇರಬಹುದು. ಅದರ ಮೇಲೆ ರೇಜರ್ ಓಡಿಸಬೇಡಿ.

ಬೇಸಿಗೆಯಲ್ಲಿ ಕುತ್ತಿಗೆ, ಬೆನ್ನಿನಲ್ಲಿ ಚುಚ್ಚುವ ಬೆವರುಸಾಲೆಗೆ ತಣ್ಣೀರ ಸ್ನಾನ, ತೆಳು ಹತ್ತಿಬಟ್ಟೆ ಸಾಕು. ಎಣ್ಣೆ ಹಚ್ಚಿದರೆ ಬೆವರಿನ ದಾರಿ ಇನ್ನಷ್ಟು ಮುಚ್ಚುತ್ತದೆ. ಒಂದೆಡೆ ಎದ್ದು ಕೆಲವೇ ಗಂಟೆಗಳಲ್ಲಿ ಮಾಯವಾಗಿ ಇನ್ನೊಂದೆಡೆ ಏಳುವುದು ಪಿತ್ತಗಂಧೆ.

ದೇಹದ ಒಂದೇ ಬದಿಯಲ್ಲಿ ಪಟ್ಟಿಯಂತೆ, ಉರಿಯೊಂದಿಗೆ ನೀರ್ಗುಳ್ಳೆಗಳೆದ್ದರೆ ಸರ್ಪಸುತ್ತು. ಅದಕ್ಕೆ ಕೆಮ್ಮಣ್ಣು ಬಳಿಯುತ್ತ ದಿನ ಕಳೆಯಬೇಡಿ: ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಎದ್ದರೆ ಅಂದೇ ಕಣ್ಣಿನ ವೈದ್ಯರಿಗೂ ತೋರಿಸಿ.