ಹೊಳೆ ನಡುವೆ ನಡುಗಡ್ಡೆ ಏಳುವುದೇಕೆ? ತಾರಸಿ ಮೇಲೆ ಮಾಡಿ ನೋಡಿ

ಆದಿರಂಗ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ಶ್ರೀರಂಗ. ಮೂರೂ ಕಾವೇರಿ ಕವಲೊಡೆದು ಬಳಸಿಕೊಂಡ ನಡುಗಡ್ಡೆಗಳು. ಬೆಂಗಳೂರಿನ ನಲ್ಲಿಗೆ ಕಾವೇರಿ ನೀರು ಬರುವುದೂ ಶಿವನಸಮುದ್ರದ ಕಡೆಯಿಂದಲೇ, ತೊರೆಕಾಡನಹಳ್ಳಿಯ ಪಂಪ್‌ಗಳ ಮೂಲಕ ಸುಮಾರು 100 ಕಿ.ಮೀ. ದೂರ. ಅದೇ ನೀರು ಎರಡು ಬಕೆಟ್, ಮರಳು ಮೂರು ಬಾಂಡ್ಲಿ ಇದ್ದರೆ ನಡುಗಡ್ಡೆ ಹುಟ್ಟುವುದನ್ನು ಒಂದು ಗಂಟೆಯಲ್ಲಿ ಕಣ್ಣಾರೆ ಕಾಣಬಹುದು.

ಮೊದಲು ತೊಟ್ಟಿ. 4 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್‌ಗೆ ಸುತ್ತ 4 ಇಂಚಿನ ಪಟ್ಟಿ ಹೊಡೆದು, ಒಳಗೆ ಟಾರ್ಪಾಲ್ ಹಾಸಿ. 4 ಸೆಂ.ಮೀ. ದಪ್ಪಕ್ಕೆ ಸುಮಾರು 45 ಕೆ.ಜಿ. ಮರಳು ಬೇಕು. ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದೀತು. ಪ್ಲಾಸ್ಟರಿಂಗ್ ಮರಳು ಬೇಡ, ಅದರಲ್ಲಿ ದಪ್ಪ ಕಾಳಿಲ್ಲ. ಎಂ-ಸ್ಯಾಂಡನ್ನು ಬಕೆಟ್‌ನಲ್ಲಿ ಕಲಕಿ, ಮೇಲಿನ ಬೂದು ರಾಡಿಯನ್ನು ನಾಲ್ಕೈದು ಸಲ ಚೆಲ್ಲಿ. ಗಿಡದ ಬುಡಕ್ಕೆ ಚೆಲ್ಲಿ, ಮೋರಿಗೆ ಬೇಡ, ಕಟ್ಟಿಕೊಳ್ಳುತ್ತದೆ. ಆ ಹುಡಿ ಉಳಿದರೆ ದಡ ಗಾರೆಯಂತೆ ಬಿಗಿದು ಹೊಳೆ ಅಗಲವಾಗುವುದೇ ಇಲ್ಲ. ಅಗಲವಾಗದ ಹೊಳೆಯಲ್ಲಿ ಮರಳಿನ ತಿಟ್ಟು ಏಳುವುದಿಲ್ಲ.

ತೊಟ್ಟಿಯ ಮೇಲ್ತುದಿಯ ಅಡಿಗೆ 2.5 ಸೆಂ.ಮೀ. ಎತ್ತರದ ಮರದ ತುಂಡು ಕೊಡಿ. ಅದಕ್ಕಿಂತ ಹೆಚ್ಚು ಎತ್ತಿದರೆ ನೀರು ನೆಟ್ಟಗೆ ಕೊರಕಲು ಹೊಡೆಯುತ್ತದೆ. ಮೇಲಿನ ಅರ್ಧದಲ್ಲಿ 6 ಸೆಂ.ಮೀ. ಅಗಲ, ಒಂದೂವರೆ ಸೆಂ.ಮೀ. ಆಳದ ಕಾಲುವೆ ತೆಗೆದು, ಅಲ್ಲಿಂದ ಕೆಳಕ್ಕೆ 20 ಸೆಂ.ಮೀ.ಗೆ ಅಗಲಿಸಿ. ನೀರು ಹೊರಹೋಗುವ ಕಚ್ಚು ಕಾಲುವೆಯ ತಳದ ಮಟ್ಟಕ್ಕೇ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಕಚ್ಚು ತಗ್ಗಾದರೆ ಕೊರೆತ ಅಲ್ಲಿಂದ ಹಿಮ್ಮುಖವಾಗಿ ಏರಿ ಬಂದು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಕೆಳಗೆ ಎರಡು ಬಕೆಟ್. ಮೊದಲನೆಯದರಲ್ಲಿ ಮರಳು ಕೂರಲಿ, ತುಂಬಿ ಚೆಲ್ಲುವ ನೀರು ಎರಡನೆಯದಕ್ಕೆ ಬೀಳಲಿ, ಕೂಲರ್ ಪಂಪ್ ಅಲ್ಲಿರಲಿ. ಪೈಪಿಗೆ ವಾಲ್ವ್ ಹಾಕಿ, ಲೀಟರ್ ಜಗ್ ತುಂಬಲು 10 ಸೆಕೆಂಡ್ ಹಿಡಿಯುವಂತೆ ಹೊಂದಿಸಿ. ಪೈಪಿನ ಬಾಯಿಗೆ ತೆಂಗಿನ ನಾರು ಇಡಿ, ಇಲ್ಲದಿದ್ದರೆ ನೀರು ಬಿದ್ದಲ್ಲೇ ಗುಂಡಿ. ಶುರುವಿಗೆ ಮರಳನ್ನು ಪೂರ್ತಿ ನೆನೆಸಿ. ಅದೇ ಅರ್ಧ ಬಕೆಟ್ ಕುಡಿಯುತ್ತದೆ.

ಈಗ ನೀರು ಬಿಟ್ಟು, ನಿಮಿಷಕ್ಕೊಂದು ದೊಡ್ಡ ಚಮಚ ಒಣಮರಳನ್ನು ಮೇಲ್ತುದಿಯಲ್ಲಿ ಉದುರಿಸುತ್ತಿರಿ. ಉದುರಿಸದಿದ್ದರೆ ಹೊಳೆ ಬರೀ ಕೊರೆಯುತ್ತದೆ. ಕೈಯಿಂದ ದಿಬ್ಬ ಮಾಡಿಟ್ಟು ನೀರು ಬಿಡಬೇಡಿ, ಆಮೇಲೆ ನೋಡಲು ಏನೂ ಉಳಿಯುವುದಿಲ್ಲ.

ಕಾಲುವೆ ಅಗಲವಾಗುವ ಜಾಗಕ್ಕೆ ಕಣ್ಣು ನೆಟ್ಟಿರಿ. ಇಕ್ಕಟ್ಟಿನಲ್ಲಿ ಓಡಿಬಂದ ನೀರು ಅಲ್ಲಿ ತೆಳ್ಳಗೆ ಹರಡುತ್ತದೆ. ಆಳ ಅರ್ಧವಾದೊಡನೆ ತಳವನ್ನು ಎಳೆಯುವ ಶಕ್ತಿಯೂ ತಗ್ಗುತ್ತದೆ. ಉರುಳಿಬಂದ ಒಂದು ದಪ್ಪ ಕಾಳು ನಡುವೆ ನಿಲ್ಲುತ್ತದೆ, ಅದಕ್ಕೆ ಇನ್ನೊಂದು ಆನುತ್ತದೆ, ಅವುಗಳ ಹಿಂದೆ ಸಣ್ಣ ಮರಳು ನಾಲಿಗೆಯಂತೆ ಚಾಚುತ್ತದೆ. ಅರ್ಧ ಗಂಟೆಯೊಳಗೆ ನೀರು ಅದರ ಮೇಲೆ ಹರಿಯಲಾರದೆ ಎರಡು ಪಕ್ಕಕ್ಕೂ ಸರಿದು ದಡ ಕೊರೆಯುತ್ತದೆ. ಒಂದು ಹನಿ ನೀಲಿ ಶಾಯಿ ಬಿಟ್ಟರೆ ಕವಲು ಸ್ಪಷ್ಟ. ವಾಲ್ವನ್ನು ಅರ್ಧಕ್ಕೆ ತಿರುಗಿಸಿ: ತಿಟ್ಟು ತಲೆಯೆತ್ತುತ್ತದೆ. ಪ್ರವಾಹದಲ್ಲಿ ಕಟ್ಟಿದ್ದು ಬೇಸಿಗೆಯಲ್ಲಿ ಕಾಣುವುದು ಹೀಗೆ. 1957ರಲ್ಲಿ ಅಮೆರಿಕದ ನದಿವಿಜ್ಞಾನಿಗಳಾದ ಲಿಯೋಪೋಲ್ಡ್ ಮತ್ತು ವೋಲ್ಮನ್ ಪ್ರಯೋಗಾಲಯದ ಕಾಲುವೆಯಲ್ಲಿ ಗುರುತಿಸಿದ ಕ್ರಮವೂ ಇದೇ.

ಆದರೆ ಇದಿನ್ನೂ ನಡುಗಡ್ಡೆಯಲ್ಲ. ಮತ್ತೆ ಪೂರ್ತಿ ನೀರು ಬಿಟ್ಟರೆ ಬಹುಪಾಲು ಕೊಚ್ಚಿಹೋಗುತ್ತದೆ. ಉಳಿಸುವುದು ಬೇರು. ಪಂಪ್ ನಿಲ್ಲಿಸಿ, ತಿಟ್ಟಿನ ಮೇಲೆ ನೆನೆಸಿದ ರಾಗಿ ಒತ್ತಾಗಿ ಉದುರಿಸಿ, ಐದಾರು ದಿನ ನೀರು ಚಿಮುಕಿಸಿ. ರಾಗಿಯೇ ಏಕೆಂದರೆ ಅದರ ಬೇರು ಎಳೆಎಳೆಯಾಗಿ ಹೆಣೆದುಕೊಳ್ಳುತ್ತದೆ. ಆಮೇಲೆ ಪೂರ್ತಿ ನೀರು ಬಿಡಿ. ಅಂಚು ಕುಸಿದೀತು, ನಡುಭಾಗ ನಿಲ್ಲುತ್ತದೆ. ಪೈರಿನ ನಡುವೆ ನೀರಿನ ವೇಗ ತಗ್ಗಿ ಹೊಸ ಹೂಳು ಕೂರುವುದೂ ಕಾಣುತ್ತದೆ.

ಎಲ್ಲ ನಡುಗಡ್ಡೆಯೂ ಮರಳಿನಿಂದ ಕಟ್ಟಿದ್ದಲ್ಲ. ಶಿವನಸಮುದ್ರದಲ್ಲಿ ಹೊಳೆ ಬಂಡೆನೆಲವನ್ನೇ ಎರಡಾಗಿ ಬಳಸಿ, ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಬೀಳುತ್ತದೆ. ತೊಟ್ಟಿಯ ಹೊಳೆಯಲ್ಲಿ 40 ಎಂ.ಎಂ. ಜಲ್ಲಿಕಲ್ಲೊಂದನ್ನು ಅರ್ಧ ಹೂತು ನೋಡಿ: ಮುಂದೆ ಗುಂಡಿ, ಹಿಂದೆ ಮರಳಿನ ಬಾಲ. ರಂಗನತಿಟ್ಟಿನ ದಾರಿ ಮತ್ತೊಂದು. 17ನೇ ಶತಮಾನದಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ ತಗ್ಗು ಮುಳುಗಿ, ದಿಣ್ಣೆಗಳು ನಡುಗಡ್ಡೆಗಳಾದವು. ಕಚ್ಚಿಗೆ ಪಟ್ಟಿಯೊಂದನ್ನು ಅಡ್ಡ ಇಟ್ಟರೆ ಅದೂ ನಿಮ್ಮ ತೊಟ್ಟಿಯಲ್ಲಿ ಆಗುತ್ತದೆ.

ಕೊನೆಗೆ ನೀರು ನಿಲ್ಲಿಸಿ ಒಂದು ರಾತ್ರಿ ಬಸಿಯಲು ಬಿಟ್ಟು, ತಿಟ್ಟನ್ನು ಉದ್ದುದ್ದಕ್ಕೆ ಚಾಕುವಿನಿಂದ ಕತ್ತರಿಸಿ. ತಲೆಯ ಕಡೆ ದಪ್ಪ ಕಾಳು, ಬಾಲದ ಕಡೆ ನುಣುಪು. ಮೊದಲು ನಿಂತ ಕಾಳು ತಲೆಯ ಬುಡದಲ್ಲಿ ಎಲ್ಲೋ ಇರುತ್ತದೆ.